ಕರಿಕಂಬಳಿಯ ಮೇಲಿಟ್ಟ ಗಾಜು

ಹೋದ ವಾರ ರೋಣದ ದವಾಖಾನೆಯಲ್ಲಿ ಡಾಕ್ಟರು ಒಂದು ಸಣ್ಣ ಬಾಟಲಿಯ ಬಿರಡೆ ತೆಗೆದರು. ನಮ್ಮ ನೆರೆಮನೆಯಾತನ ಕಾಲಿಗೆ ಗಾಯವಾಗಿತ್ತು, ನನ್ನ ಗಾಡಿಯಲ್ಲೇ ಅವನನ್ನು ಕರೆದುಕೊಂಡು ಹೋಗಿದ್ದೆ. ಗಾಯ ತೊಳೆದ ಮೇಲೆ ಡಾಕ್ಟರು ಆ ಬಾಟಲಿಯೊಳಗಿನ ತಿಳಿ ಅಂಟನ್ನು ಕುಂಚದಿಂದ ಹಚ್ಚಿದರು. ಹಚ್ಚಿದ ಕೂಡಲೇ ಅದು ಒಣಗಿ ತೆಳ್ಳನೆಯ ಪೊರೆಯಾಯಿತು. ಮತ್ತೆ ಆ ವಾಸನೆ... ಸಿಹಿಯಾಗಿ, ತಣ್ಣಗೆ, ಮೂಗಿನಿಂದ ನೇರ ನೆತ್ತಿಗೆ ಏರುವಂಥದ್ದು. ಅದು ನನ್ನ ಮೂಗಿಗೆ ಬಿದ್ದು ಮೂವತ್ತು ವರ್ಷಗಳ ಮೇಲಾಗಿತ್ತು. ನೆರೆಯಾತ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ. ಗಾಯ ಉರಿಯಿತೇನೋ ಎಂದುಕೊಂಡೆ.

ನಮ್ಮ ಮನೆಯಲ್ಲಿ ಆ ವಾಸನೆಗೆ ಹೆಸರೇ ಇತ್ತು, ಪೆಟಿಗಿ ಮಾವನ ವಾಸನೆ ಅಂತ. ಪೆಟಿಗಿ ಮಾವ ಎಂದರೆ ನನ್ನ ಹೆಂಡತಿಯ ತಮ್ಮ. ತಾಯಿತಂದೆ ಬೇಗ ಹೋದದ್ದರಿಂದ ಇವಳೇ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದಳು. ಅಕ್ಕನ ಮನೆ ಬಿಟ್ಟರೆ ಅವನಿಗೆ ಇನ್ನೊಂದು ಮನೆ ಇರಲಿಲ್ಲ. ನರಗುಂದದ ಕೋಟೆ ಬಿದ್ದ ಮರುವರ್ಷದ ಬೇಸಿಗೆಯಲ್ಲಿ ಅವನು ಧಾರವಾಡದಿಂದ ನಮ್ಮ ಮುಶಿಗೇರಿಗೆ ಬಂದ. ತಲೆಯ ಮೇಲೆ ಒಂದು ಪೆಟ್ಟಿಗೆ, ಕಂಕುಳಲ್ಲಿ ಬಾಟಲಿಗಳ ಗಂಟು. ಮಕ್ಕಳು ಮೊದಲ ದಿನವೇ ಹೆಸರಿಟ್ಟವು, ಊರೆಲ್ಲ ಅದನ್ನೇ ಹಿಡಿಯಿತು.

ನಾನು ಹುಟ್ಟಾ ಅನುಮಾನದ ಮನುಷ್ಯ. ಕಾಳಿನ ವ್ಯಾಪಾರ ಮಾಡಿದವನು. ಚೀಲದ ಬಾಯಲ್ಲಿ ಕಂಡ ಜೋಳವನ್ನು ನಂಬದೆ ಮೊಣಕೈವರೆಗೆ ಕೈ ತೂರಿಸಿ ತಳದ ಕಾಳು ತೆಗೆದು ನೋಡುವವನು. ಗುಡಿಯ ಪ್ರಸಾದವನ್ನೂ ಮೂಸಿ ನೋಡಿ ಬಾಯಿಗೆ ಹಾಕಿಕೊಳ್ಳುತ್ತೀರಿ ಎಂದು ಹೆಂಡತಿ ಈಗಲೂ ಹಂಗಿಸುತ್ತಾಳೆ. ಹಾಗಾಗಿ ಅವನು ಪೆಟ್ಟಿಗೆ ಇಳಿಸಿದ ಕೂಡಲೇ ನಾನು ಕೇಳತೊಡಗಿದೆ. ಇದೇನು, ಯಾರದು, ನಿನಗೆ ಹೇಗೆ ಬಂತು?

"ಬಾಡಿದ ಮಾರಿ ನೋಡ್ರಿ ಅಂವಂದು," ಎಂದಳು ಹೆಂಡತಿ. "ಮದಲ ಊಟಕ್ಕ ಹಾಕೂಣು. ಆಮ್ಯಾಲ ತನಿಖಿ ಮಾಡ್ರಿ."

ಊಟ ಮಾಡುತ್ತಲೇ ಅವನು ಹೇಳಿದ. ಅದು ಚಿತ್ರ ತೆಗೆಯುವ ಪೆಟ್ಟಿಗೆ. ಧಾರವಾಡದಲ್ಲಿ ಅವನು ಒಬ್ಬ ಬಿಳಿಯ ಸಾಹೇಬನ ಹತ್ತಿರ ಆ ಕೆಲಸದಲ್ಲಿದ್ದ. ಸಾಹೇಬ ವಿಲಾಯತಿಗೆ ಹೊರಟಾಗ ಪೆಟ್ಟಿಗೆ ಕೆಟ್ಟಿತ್ತು, ಇವನಿಗೇ ಬಿಟ್ಟುಹೋದ. "ಕೆಟ್ಟದ್ದನ್ನ ಯಾಕ ಹೊತ್ಕೊಂಡು ಬಂದಿ?" ಎಂದೆ. "ಕೆಟ್ಟೈತಿ ಅಂತನ ಕೊಟ್ಟಾರ್ರಿ. ಚಲೋ ಇದ್ರ ಯಾರು ಕೊಡ್ತಾರ?" ಎಂದು ನಕ್ಕ. ಮಾತು ಸರಿಯಾಗಿಯೇ ಇತ್ತು. ಸರಿಯಾದ ಮಾತು ಕೇಳಿದರೆ ನನಗೆ ಅನುಮಾನ ಇನ್ನಷ್ಟು ಹೆಚ್ಚುತ್ತದೆ.

ಆ ವರ್ಷ ಅನುಮಾನ ನನ್ನೊಬ್ಬನ ಸೊತ್ತಾಗಿರಲಿಲ್ಲ. ನರಗುಂದದವರು ಕುಂಪಣಿಯ ಮೇಲೆ ತಿರುಗಿಬಿದ್ದು ಸೋತಮೇಲೆ ನಮ್ಮ ಸೀಮೆಯಲ್ಲೆಲ್ಲ ಆಯುಧ ಹುಡುಕುವ ಕೆಲಸ ನಡೆದಿತ್ತು. ಹಿರಿಯರ ಕತ್ತಿಯನ್ನು ಕೆಲವರು ಒಪ್ಪಿಸಿದರು, ಕೆಲವರು ಬಚ್ಚಿಟ್ಟರು. ಎಲ್ಲಿ ಬಚ್ಚಿಟ್ಟಿದ್ದಾರೆ ಎಂಬುದು ಊರಿಗೆ ಗೊತ್ತಿರುತ್ತಿತ್ತು, ಆದರೆ ಯಾರೂ ಆಡುತ್ತಿರಲಿಲ್ಲ. ಪೆಟಿಗಿ ಮಾವ ಬಂದ ವಾರದೊಳಗೆ ಕುಂಪಣಿಯ ಸಿಪಾಯಿಗಳು ನಮ್ಮ ಊರಿಗೆ ಬಂದರು. ಅಲ್ಲಿ ಇಲ್ಲಿ ಹುಡುಕಲಿಲ್ಲ. ನೇರವಾಗಿ ನೆರೆಮನೆಯ ಅಂಗಳಕ್ಕೆ ಹೋಗಿ, ಕಾಳು ತುಂಬಿಡುವ ನೆಲದಡಿಯ ಹಗೇವಿನ ಬಾಯಿ ತೆಗೆಸಿ, ಜೋಳದ ಕೆಳಗಿನಿಂದ ಕತ್ತಿಗಳನ್ನು ಎತ್ತಿದರು. ನೆರೆಯಾತನ ಅಣ್ಣನನ್ನು ಕೈ ಕಟ್ಟಿ ಕರೆದೊಯ್ದರು. ಅವನು ತಿರುಗಿ ಬರಲಿಲ್ಲ...

ಯಾರೋ ಹೇಳಿದ್ದಾರೆ ಎಂಬುದು ಖಚಿತವಾಗಿತ್ತು. ಯಾರು? ಊರಿನ ಕಣ್ಣು ನಮ್ಮ ಮನೆಯ ಮೇಲೆ ಬಿತ್ತು. ಬಿಳಿಯರ ಅನ್ನ ಉಂಡವನು, ಹಿತ್ತಾಳೆಯ ಕೊಳವೆ ಇದ್ದ ಪೆಟ್ಟಿಗೆ ತಂದವನು, ಕರಿಯ ಬಟ್ಟೆಯೊಳಗೆ ತಲೆ ಹಾಕಿ ಗಂಟೆಗಟ್ಟಲೆ ನಿಲ್ಲುವವನು. ಬಟ್ಟೆಯೊಳಗೆ ಅವನು ಮನೆಗಳ, ಹಗೇವುಗಳ ನಕಾಶೆ ಬರೆದುಕೊಳ್ಳುತ್ತಾನೆ ಎಂದು ನೆರೆಯಾತ ಕಟ್ಟೆಯ ಮೇಲೆ ಕೂತು ಹೇಳಿದ. ಅಣ್ಣನನ್ನು ಕಳೆದುಕೊಂಡವನ ಮಾತನ್ನು ಯಾರು ತಳ್ಳಿಹಾಕುತ್ತಾರೆ? ಬಾವಿಯ ಹತ್ತಿರ ಹೆಂಗಸರು ನನ್ನ ಹೆಂಡತಿಯ ಕೊಡದಿಂದ ತಮ್ಮ ಕೊಡಗಳನ್ನು ದೂರ ಸರಿಸಿಟ್ಟರು. ಅವಳು ಖಾಲಿ ಕೊಡ ಹೊತ್ತು ಮನೆಗೆ ಬಂದು ನನ್ನೆದುರು ನಿಂತಳು.

"ಅಂವ ಹೇಳ್ಯಾನಂತ ನಿಮಗೂ ಅನಸ್ತದೇನ್ರಿ?"

ನಾನು ಎತ್ತಿಗೆ ಮೇವು ಹಾಕುವ ನೆವ ಮಾಡಿ ಎದ್ದೆ.

ನಿಜ ಹೇಳಬೇಕೆಂದರೆ, ಅವನು ಊಟಕ್ಕೆ ಒಳಗೆ ಹೋದಾಗ ನಾನೇ ಒಮ್ಮೆ ಆ ಬಟ್ಟೆಯೊಳಗೆ ತಲೆ ತೂರಿಸಿ ನೋಡಿದ್ದೆ. ನಕಾಶೆ ಸಿಗುತ್ತದೆ ಎಂದುಕೊಂಡಿದ್ದೆ. ಹಿಂದಿನ ಮಬ್ಬುಗಾಜಿನಲ್ಲಿ ನಮ್ಮ ಮನೆ ತಲೆಕೆಳಗಾಗಿ ನಿಂತಿತ್ತು. ನನ್ನ ಹೆಂಡತಿ ತಲೆಕೆಳಗಾಗಿ ಕೊಡ ಹೊತ್ತು ಅಂಗಳ ದಾಟಿದಳು, ಒಂದು ಹನಿ ನೀರೂ ಚೆಲ್ಲಲಿಲ್ಲ. ನಾನು ಬೆವತು ಹೊರಗೆ ಬಂದೆ. ಅದರಿಂದ ಅವನ ಮೇಲಿನ ನನ್ನ ನಂಬಿಕೆ ಏನೂ ಹೆಚ್ಚಲಿಲ್ಲ.

ಕಡೆಗೆ ಗೌಡರು ಅವನನ್ನು ಚಾವಡಿಗೆ ಕರೆಸಿದರು. "ಪೆಟಿಗಿ ಚಿತ್ರ ತೆಗೀತೈತಿ ಅಂತಿ. ಹಂಗಾರ ಅಮಾಸಿ ಒಳಗ ಊರ ಹಿರ್‍ಯಾರ ಚಿತ್ರ ತಗದು ತೋರ್ಸು. ಬಂತೋ, ಅಕ್ಕನ ಮನ್ಯಾಗ ಸುಖದಿಂದ ಇರು. ಬರಲಿಲ್ಲೋ, ಅದು ಚಿತ್ರದ ಪೆಟಿಗಿ ಅಲ್ಲ. ನೀನೂ ಇಲ್ಲಿ ಇರಬ್ಯಾಡ." ಪೆಟಿಗಿ ಮಾವ ಆಗಲಿ ಎಂದು ಕೈ ಮುಗಿದು ಬಂದ. ಪೆಟ್ಟಿಗೆ ಕೆಟ್ಟಿದೆ ಎಂದು ಅವನು ಅಲ್ಲಿ ಹೇಳಲೇ ಇಲ್ಲ, ಹೇಳಿದ್ದರೂ ಯಾರೂ ನಂಬುತ್ತಿರಲಿಲ್ಲ.

ಅಲ್ಲಿಂದ ಅವನು ಪೆಟ್ಟಿಗೆಯ ಹಿಂದೆ ಬಿದ್ದ. ಕೆಲಸ ಹೀಗಿತ್ತು: ಆ ವಾಸನೆಯ ಅಂಟನ್ನು ಗಾಜಿನ ಮೇಲೆ ಸುರಿದು, ಬೆಳ್ಳಿಯ ನೀರಿನಲ್ಲಿ ಅದ್ದಿ, ಇನ್ನೂ ಹಸಿ ಇರುವಾಗಲೇ ಪೆಟ್ಟಿಗೆಯೊಳಗೆ ಕೂರಿಸಬೇಕು. ಕೊಳವೆಯ ಮುಚ್ಚಳ ತೆಗೆದು, ತುಸು ತಡೆದು, ಮತ್ತೆ ಮುಚ್ಚಿ, ಕತ್ತಲ ಕೋಣೆಯಲ್ಲಿ ತೊಳೆಯಬೇಕು. ನಮ್ಮ ಕಾಳಿನ ಕೋಣೆಯೇ ಅವನ ಕತ್ತಲ ಕೋಣೆಯಾಯಿತು. ತೊಳೆದ ಗಾಜಿನ ಮೇಲೆ ಬರುತ್ತಿದ್ದದ್ದು ಮಜ್ಜಿಗೆಯಂಥ ಬಿಳುಪು ಮಾತ್ರ. ಅಂಟು ನಮ್ಮ ಬಿಸಿಲಿಗೆ ಬಾಟಲಿಯಲ್ಲೇ ಆರಿಹೋಗುತ್ತಿತ್ತು, ಹೊಸದು ತರಿಸಲು ದಾರಿ ಇರಲಿಲ್ಲ.

ಮನೆಯವರೆಲ್ಲ ಪಂಡಿತರಾದೆವು. ಔಷಧ ಹಳಸಿದೆ ಎಂದು ನಾನೆಂದೆ. ದೃಷ್ಟಿಯಾಗಿದೆ ಎಂದು ಹೆಂಡತಿ ಪೆಟ್ಟಿಗೆಗೆ ಮೆಣಸಿನಕಾಯಿ ನಿವಾಳಿಸಿದಳು. ಅವನು ಯಾವುದಕ್ಕೂ ಬೇಡ ಎನ್ನಲಿಲ್ಲ. ಆದರೆ ಎಲ್ಲವನ್ನೂ ಒಂದೇ ಸಲ ಬಿಚ್ಚಿ ತೊಳೆದುಬಿಡು ಎಂದು ನಾನು ಒತ್ತಾಯ ಮಾಡಿದಾಗ ಮಾತ್ರ ತಡೆದ.

"ಒಮ್ಮೆಲೆ ಎಲ್ಲಾ ತಿದ್ದಿದ್ರ ಯಾವುದು ಕೆಟ್ಟಿತ್ತು ಅಂತ ತಿಳಿಯೂದಿಲ್ರಿ. ಒಂದೊಂದನ ನೋಡಬೇಕು. ಕೆಡಲಾರದ್ದಕ್ಕ ಕೆಟ್ಟೈತಿ ಅಂತ ಹೆಸರಿಡಬಾರದು."

ಮರುದಿನ ಮಟಮಟ ಮಧ್ಯಾಹ್ನ ಪೆಟ್ಟಿಗೆಯನ್ನು ಅಂಗಳದ ಬಿಸಿಲಿಗಿಟ್ಟು, ಕೊಳವೆ ಮುಚ್ಚಿ, ಹಿಂದಿನ ಗಾಜು ತೆಗೆದು, ಬಟ್ಟೆ ಹೊದ್ದು ಒಳಗೆ ಮುಖವಿಟ್ಟು ಕೂತ. ಕಣ್ಣು ಕತ್ತಲಿಗೆ ಹೊಂದುವವರೆಗೂ ಅಲುಗಲಿಲ್ಲ. ಆಮೇಲೆ ಒಳಗಿನಿಂದಲೇ ಕೂಗಿದ. ಮೂಲೆಯಲ್ಲಿ ಒಂದು ಬೆಳಕಿನ ಚುಕ್ಕಿ ಕಂಡಿತ್ತು. ನಮ್ಮ ಒಣ ಸೆಕೆಗೆ ಕಟ್ಟಿಗೆ ಕುಗ್ಗಿ ಜೋಡಣೆ ಬಿಟ್ಟಿತ್ತು, ಅಲ್ಲಿಂದ ನುಗ್ಗಿದ ಬೆಳಕೇ ಗಾಜನ್ನು ಬೆಳ್ಳಗೆ ಮಾಡುತ್ತಿತ್ತು. ಹುಣಸೆಬೀಜದ ಅಂಟಿನಲ್ಲಿ ಬಟ್ಟೆಯ ಚೂರು ಅದ್ದಿ ಒಳಗಿನಿಂದ ಮೆತ್ತಿದ, ಮೇಲೆ ಮಸಿ ಬಳಿದ. ಆಮೇಲೆ ಗಾಜಿನ ಮೇಲೆ ನಮ್ಮ ಮನೆ ಮೂಡಿತು, ಆದರೆ ನೀರೊಳಗಿನಿಂದ ನೋಡಿದಂತೆ. ಮಬ್ಬುಗಾಜಿನಲ್ಲಿ ಚೊಕ್ಕವಾಗಿ ಕಂಡದ್ದು ಚಿತ್ರದಲ್ಲಿ ಕದಡುತ್ತಿತ್ತು. ಅದಕ್ಕೂ ಅವನು ಗಡಿಬಿಡಿ ಮಾಡಲಿಲ್ಲ. ತಂಬಿಗೆಗಳನ್ನು ಒಂದರ ಹಿಂದೊಂದು ಸಾಲಾಗಿ ಇಟ್ಟು, ನಡುವಿನದಕ್ಕೆ ಗುರಿ ಹೊಂದಿಸಿ ಚಿತ್ರ ತೆಗೆದ. ಚೊಕ್ಕ ಬಂದದ್ದು ಅದರ ಹಿಂದಿನ ತಂಬಿಗೆ. ಬಹಳ ಹೊತ್ತು ಅದನ್ನೇ ನೋಡುತ್ತ ಕೂತವನು ಎದ್ದು ಹೋಗಿ ಮಬ್ಬುಗಾಜನ್ನು ಉಗುರಿನಿಂದ ಗೀರಿದ. ಯಾರೋ ಅದನ್ನು ತಿರುವುಮುರುವಾಗಿ ಕೂರಿಸಿದ್ದರು. ಒರಟು ಮೈ ಒಳಗೆ ಇರಬೇಕಾದದ್ದು ಹೊರಗಿತ್ತು, ಹಾಗಾಗಿ ಗಾಜಿನ ದಪ್ಪದಷ್ಟು ಗುರಿ ತಪ್ಪುತ್ತಿತ್ತು. ತೆಗೆದು ತಿರುಗಿಸಿ ಹಾಕಿದ, ಅಷ್ಟೇ. ಸಾಹೇಬ ಕೈಬಿಟ್ಟುಹೋದ ರೋಗ ಇಷ್ಟೇ ಆಗಿತ್ತು ಎಂದು ಅಕ್ಕತಮ್ಮ ಇಬ್ಬರೂ ಅವತ್ತು ಬಹಳ ನಕ್ಕರು. ಬಾಟಲಿಯ ತಳದಲ್ಲಿ ಒಂದು ಗಾಜಿಗೆ ಆಗುವಷ್ಟು ಅಂಟು ಉಳಿದಿತ್ತು.

ಅಮಾವಾಸ್ಯೆಯ ಹಿಂದಿನ ದಿನ ಬೆಳಿಗ್ಗೆ ಚಾವಡಿಯ ಮುಂದೆ ಹಿರಿಯರು ಸಾಲಾಗಿ ಕೂತರು. ನಡುವೆ ಗೌಡರು, ಅವರ ಬದಿಗೆ ನಾನು, ಸಾಲಿನ ಕೊನೆಗೆ ನೆರೆಯಾತ. ಮುಚ್ಚಳ ತೆಗೆದಾಗಿನಿಂದ ಮತ್ತೆ ಮುಚ್ಚುವವರೆಗೂ ಯಾರೂ ಅಲ್ಲಾಡಬಾರದು ಎಂದು ಪೆಟಿಗಿ ಮಾವ ಬೇಡಿಕೊಂಡ. ನಾನು ಉಸಿರು ಬಿಗಿಹಿಡಿದು ಕೂತೆ. ಮುಚ್ಚಳ ಬಿದ್ದ ಕೂಡಲೇ ಅವನು ಗಾಜು ಹಿಡಿದು ಕತ್ತಲ ಕೋಣೆಗೆ ಓಡಿದ.

ತೊಳೆದು ತಂದ ಗಾಜನ್ನು ಗೌಡರು ಕಸಿದುಕೊಂಡು ಆಕಾಶಕ್ಕೆ ಹಿಡಿದು ನೋಡಿ ಬೆಚ್ಚಿದರು. ಬಿಳಿಯ ರುಮಾಲುಗಳೆಲ್ಲ ಕಪ್ಪಾಗಿದ್ದವು, ಕರಿಯ ಮೀಸೆಗಳು ಬೆಳ್ಳಗಾಗಿದ್ದವು. "ದೆವ್ವ ಮಾಡ್ಯಾನ ನಮ್ಮನ್ನ!" ಎಂದು ಯಾರೋ ಕೂಗಿದರು. ಪೆಟಿಗಿ ಮಾವ ಕುರಿ ಕಾಯುವ ಮುದುಕನ ಹೆಗಲಿನ ಕರಿಕಂಬಳಿ ಇಸಿದುಕೊಂಡು ಕಟ್ಟೆಯ ಮೇಲೆ ಹಾಸಿ, ಗಾಜನ್ನು ಅದರ ಮೇಲಿಟ್ಟ. ಕಂಬಳಿಯ ಕಪ್ಪು ಹಿಂದೆ ಬಂದದ್ದೇ ತಡ, ನಾವು ನಾವಾದೆವು. ಗೌಡರ ಮೀಸೆಯ ಒಂದೊಂದು ಕೂದಲು, ನನ್ನ ಧೋತರದ ತೇಪೆ, ಎಲ್ಲ ಇದ್ದವು. ಜನ ಹೋ ಎಂದರು. ದೂರ ನಿಂತಿದ್ದ ನನ್ನ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆಗ ಮುದುಕ ಬಾಗಿ ನೋಡಿ, ಸಾಲಿನ ಕೊನೆಗೆ ಬೆರಳು ಮಾಡಿದ. ನೆರೆಯಾತನ ಅಂಗಿ ಇತ್ತು, ತೊಡೆಯ ಮೇಲಿನ ಕೈಗಳಿದ್ದವು. ಕೊರಳಿನ ಮೇಲೆ ಮಾತ್ರ ಹೊಗೆ.

ಗೌಡರು ನಿಧಾನವಾಗಿ ಹೇಳಿದರು: "ಎಲ್ಲಾರ ಮಾರಿ ಬಂದೈತಿ. ಇಂವನ ಮಾರಿ ಯಾಕ ಬಂದಿಲ್ಲ?" ಅಣ್ಣ ಹೋದರೆ ಹೊಲ ಯಾರಿಗೆ ಬರುತ್ತದೆ ಎಂದು ಹಿಂದಿನಿಂದ ಒಂದು ದನಿ ಕೇಳಿತು. ನೆರೆಯಾತ ಕೂತಲ್ಲಿಂದಲೇ ಕತ್ತು ಚಾಚಿ ಗಾಜಿನಲ್ಲಿ ತನ್ನ ಮುಖ ಹುಡುಕಿದ. ನನಗೆ ಆಗ ಅಯ್ಯೋ ಅನಿಸಲಿಲ್ಲ, ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಊರಿಗೆ ಬೇಕಾದ ಮನುಷ್ಯ ಸಿಕ್ಕಿದ್ದ. ಪೆಟಿಗಿ ಮಾವ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

"ಹಂಗಲ್ರಿ ಗೌಡ್ರ," ಎಂದ ಅವನು. "ಅವರು ಹೊಳ್ಳಿ ನನ್ನ ಕೈ ನೋಡಿದ್ರು, ಅದಕ್ಕ ಕದಡೇತಿ. ಯಾರು ಅಲ್ಲಾಡಿದ್ರೂ ಹಿಂಗ ಆಗತೈತಿ. ಪೆಟಿಗಿಗೆ ಖರೇ ಸುಳ್ಳ ತಿಳಿಯೂದಿಲ್ರಿ."

"ಹಂಗಾರ ಇನ್ನೊಮ್ಮೆ ತಗದು ತೋರ್ಸು."

"ಔಷಧ ಮುಗದೈತ್ರಿ."

ಅಲ್ಲಿಗೆ ಎಲ್ಲ ಕೆಟ್ಟಿತು. ಇವನು ಅವನ ಪರವಾಗಿ ಯಾಕೆ ಮಾತಾಡುತ್ತಾನೆ, ಇಬ್ಬರೂ ಕೂಡಿಯೇ ಮಾಡಿರಬೇಕು ಎಂದು ಗುಜುಗುಜು ಎದ್ದಿತು. ನೆರೆಯಾತ ಎದ್ದು ನಿಂತು ಗಂಟಲು ಹರಿಯುವಂತೆ ಕೂಗಿದ: "ನಂದೂ ಅಂವಂದೂ ಏನ ಸಂಬಂಧ? ಅಂವ ಕೈಯಾಗ ಏನೋ ಬರಕೋತಿದ್ದ! ನಾ ಕಣ್ಣಾರೆ ನೋಡೀನಿ!"

ಊರಿನ ಕಣ್ಣು ಮತ್ತೆ ಪೆಟಿಗಿ ಮಾವನ ಮೇಲೆ ಬಿತ್ತು. ಅವನು ನೆರೆಯಾತನ ಕಡೆ ನೋಡಿದ. ಸಿಟ್ಟಿನಿಂದಲ್ಲ. ತಂಬಿಗೆಗಳ ಸಾಲನ್ನು ನೋಡಿದನಲ್ಲ, ಹಾಗೆ... ಮರುದಿನ ಬೆಳಿಗ್ಗೆ ಪೆಟ್ಟಿಗೆ ಹೊತ್ತು ಗಜೇಂದ್ರಗಡದ ದಾರಿ ಹಿಡಿದ. ಅಕ್ಕ ಕಟ್ಟಿಕೊಟ್ಟ ರೊಟ್ಟಿಯ ಗಂಟು ಒಯ್ದ, ಗಾಜು ಇಲ್ಲೇ ಬಿಟ್ಟ. ಅವನನ್ನು ಗಜೇಂದ್ರಗಡದ ಪೇಟೆಯಲ್ಲಿ ಕಂಡೆ ಎಂದು ಒಬ್ಬರು, ಹುಬ್ಬಳ್ಳಿಯ ಕಡೆ ಕಂಡೆ ಎಂದು ಇನ್ನೊಬ್ಬರು ಕೆಲಕಾಲ ಹೇಳುತ್ತಿದ್ದರು. ಆಮೇಲೆ ಯಾರೂ ಏನೂ ಹೇಳಲಿಲ್ಲ. ಹಗೇವಿನ ಗುಟ್ಟು ಯಾರು ಬಿಟ್ಟುಕೊಟ್ಟರೋ ಇಂದಿಗೂ ಗೊತ್ತಿಲ್ಲ.

ಹೋದ ವಾರ ರೋಣದಿಂದ ಬರುವಾಗ ಎತ್ತಿಗೆ ನೀರು ಕುಡಿಸಲು ಹಳ್ಳದ ಹತ್ತಿರ ಗಾಡಿ ನಿಲ್ಲಿಸಿದೆ. ನೆರೆಯಾತ ಕಾಲು ನೀಡಿಕೊಂಡು ಕೂತಿದ್ದ. "ಅದ ವಾಸನಿ. ಹೌದಲ್ಲ?" ಎಂದ. ನಾನು ಹೂಂ ಎಂದೆ. ಗಾಯದ ಮೇಲಿನ ಪೊರೆಯನ್ನು ಬೆರಳಿನಿಂದ ಸವರುತ್ತ, "ಅವತ್ತು ನಾ ಅಂವನ ಕೈ ನೋಡಿದ್ದು ಖರೇ," ಎಂದ. "ಆ ಮುಚ್ಚಳ ಬಿಟ್ರ ಕೈಯಾಗ ಏನೂ ಇದ್ದಿದ್ದಿಲ್ಲ."

"ಮತ್ತ ಯಾಕ ಹಂಗ ಅಂದಿ?"

"ಎಲ್ಲಾರೂ ನನ್ನ ಕಡೆ ನೋಡಾಕತ್ತಿದ್ರು."

ಈ ಮಾತನ್ನೂ ನಾನು ತಿರುಗಿಸಿ ಮುರುಗಿಸಿ ನೋಡಿದೆ. ಈಗ ಯಾಕೆ ಹೇಳುತ್ತಿದ್ದಾನೆ, ಸಾವಿನ ಭಯವೇ, ಗಾಡಿಯಲ್ಲಿ ಕರೆದೊಯ್ದ ಉಪಕಾರಕ್ಕೋ, ಇದರ ತಳದಲ್ಲಿ ಬೇರೇನಾದರೂ ಇದೆಯೇ ಎಂದು. ಏನೂ ಸಿಗಲಿಲ್ಲ. ಮುದಿ ಮನುಷ್ಯ ಹಳ್ಳದ ನೀರು ನೋಡುತ್ತ ಸುಮ್ಮನೆ ಅಳುತ್ತಿದ್ದ.

ಮನೆಗೆ ಬಂದಾಗ ಹೆಂಡತಿ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಾನು ಬಟ್ಟೆಯ ಸಂದೂಕದ ತಳದಿಂದ ಆ ಗಾಜನ್ನು ತೆಗೆದು, ಸುತ್ತಿಟ್ಟಿದ್ದ ಕಂಬಳಿಯ ತುಂಡಿನ ಮೇಲೆಯೇ ಅವಳ ಮುಂದಿಟ್ಟೆ. ಗೌಡರಿದ್ದರು, ನಾನಿದ್ದೆ, ಕೊನೆಯಲ್ಲಿ ಆ ಹೊಗೆ ಇತ್ತು. ತೆಗೆದವನು ಮಾತ್ರ ಅದರಲ್ಲಿ ಎಲ್ಲಿಯೂ ಇಲ್ಲ. ಅವನ ಮುಖ ನನಗೆ ಈಗ ಸರಿಯಾಗಿ ನೆನಪಾಗುವುದೂ ಇಲ್ಲ, ಅದೇ ನನಗೆ ಸಂಕಟ. ಹಳ್ಳದ ಹತ್ತಿರ ನೆರೆಯಾತ ಹೇಳಿದ್ದನ್ನೆಲ್ಲ ಅವಳಿಗೆ ಹೇಳಿದೆ.

ಅವಳು ಮೊರವನ್ನು ಕೆಳಗಿಟ್ಟು ಪೂರ್ತಿ ಕೇಳಿದಳು. ನನಗೆ ಅವತ್ತೇ ಗೊತ್ತಿತ್ತು ಎಂದು ಅನ್ನಲಿಲ್ಲ, ನೆರೆಯಾತನನ್ನು ಬೈಯಲೂ ಇಲ್ಲ. ಗಾಜಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು.

"ಹೌದೇನ್ರಿ?" ಎಂದಳು. "ಹಂಗಾರ ಈಗ ಅಂವ ಮನಿಗೆ ಬರ್ತಾನೇನ್ರಿ?"

ನಾನು ಗಾಜನ್ನು ಮತ್ತೆ ಕಂಬಳಿಯ ತುಂಡಿನಲ್ಲಿ ಸುತ್ತತೊಡಗಿದೆ. ಅವಳು ಮತ್ತೆ ಮೊರ ಎತ್ತಿಕೊಂಡಳು.