ಗೋದಲಿಗೆ ಬಿತ್ತಿದ ರಾಗಿ

ಒಂದು ಕುಟುಂಬಕ್ಕೆ ಪರಸ್ಪರ ನಂಬಿಕೆಯೇ ಅಡಿಪಾಯ. ಅದು ಸಡಿಲವಾದರೆ ಮೇಲಿನ ಗೋಡೆ, ಸೂರು ಯಾವುದೂ ನಿಲ್ಲುವುದಿಲ್ಲ. ಇದನ್ನು ಬರೆಯುತ್ತಿರುವವನು ಕಳೆದ ಡಿಸೆಂಬರಿನಲ್ಲಿ ತನ್ನ ಬೀಗಿತ್ತಿಯನ್ನು ಹಿಡಿಯಲು ವರಾಂಡದಲ್ಲಿ ಹೊಲಿಗೆಯ ದಾರ ಕಟ್ಟಿದ್ದ ಎಂಬುದನ್ನೂ ಈಗಲೇ ಹೇಳಿಬಿಡುವುದು ಒಳ್ಳೆಯದು.

ಹಲಸೂರಿನ ನಮ್ಮ ಮನೆಯಲ್ಲಿ ಕ್ರಿಸ್‌ಮಸ್ಸಿಗೆ ಗೋದಲಿ ಕಟ್ಟುವುದು ನನ್ನ ಕೆಲಸ. ನಲವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಕಟ್ಟುತ್ತ ಬಂದಿದ್ದೇನೆ. ಬಾಲಯೇಸುವಿಗೊಂದು ಹುಲ್ಲಿನ ಕೊಟ್ಟಿಗೆ, ಹಿಂದೆ ಕಂದು ಕಾಗದದ ಬೆಟ್ಟ, ಮುಂದೆ ನಿಜವಾದ ಹಸಿರು ಗದ್ದೆ. ಹಬ್ಬಕ್ಕೆ ಹತ್ತು ದಿನವಿರುವಾಗ ಅಲ್ಯೂಮಿನಿಯಂ ತಟ್ಟೆಗಳಲ್ಲಿ ಕೆಮ್ಮಣ್ಣು ಹರಡಿ ರಾಗಿ ಬಿತ್ತಿದರೆ, ಹಬ್ಬದ ಹಿಂದಿನ ಸಂಜೆಗೆ ಬೆರಳುದ್ದದ ಪೈರು ನಿಂತಿರುತ್ತದೆ. ನಮ್ಮಪ್ಪ ಹೀಗೆ ಮಾಡುತ್ತಿದ್ದರು. ಬೆಟ್ಟದಿಂದ ನೀರು ಹರಿಸುವುದು ಮಾತ್ರ ನಾನು ಸೇರಿಸಿದ್ದು. ಕಳೆದ ಡಿಸೆಂಬರಿಗೆ ಹಿಂದಿನ ವರ್ಷ ಆ ಹೊಳೆ ಕೊಟ್ಟಿಗೆಯನ್ನು ದಾಟಿ, ನಡುಮನೆಗೆ ಇಳಿದು, ಮಗನ ಲ್ಯಾಪ್‌ಟಾಪ್ ಚಾರ್ಜರಿನವರೆಗೂ ಹೋಗಿತ್ತು.

ಆದ್ದರಿಂದ ಈ ಸಲ ಮಗ ಮೊದಲೇ ಎಚ್ಚರಿಕೆ ಕೊಟ್ಟ. ‘ಅಪ್ಪ, ಶಿವಾಜಿನಗರದಲ್ಲಿ ಫೈಬರ್‌ದು ರೆಡಿಮೇಡ್ ಗೋದಲಿ ನೋಡ್ಕೊಂಡು ಬಂದಿದ್ದೀನಿ. ಲೈಟ್ ಎಲ್ಲಾ ಅದ್ರಲ್ಲೇ ಇದೆ. ಪ್ಲಗ್ ಹಾಕಿದ್ರೆ ಮುಗೀತು.’

‘ದೇವರ ಮಗ ಪ್ಲಗ್ ಹಾಕಿದ್ದಕ್ಕೆ ಹುಟ್ಟಲಿಲ್ಲ ಕಣಪ್ಪ’ ಎಂದೆ.

‘ಸರಿ, ಒಂದ್ ಮಾತು. ಶನಿವಾರದೊಳಗೆ ತಟ್ಟೇಲಿ ಹುಲ್ಲು ಬಂದ್ರೆ ಮನೇಲಿ ಕಟ್ಟೋ ಗೋದಲಿ. ಬರ್ಲಿಲ್ವಾ, ಸಂಜೆ ಹೋಗಿ ಫೈಬರ್‌ದು ತರ್ತೀನಿ.’

ಒಪ್ಪಿದೆ. ಡಿಸೆಂಬರಿನ ನೆಗಡಿ ಮೂಗನ್ನು ಪೂರ್ತಿ ಮುಚ್ಚಿದ್ದರೂ ಆತ್ಮವಿಶ್ವಾಸಕ್ಕೇನೂ ಕೊರತೆಯಿರಲಿಲ್ಲ. ರಾತ್ರಿ ನೆನೆಹಾಕಿದ ರಾಗಿಯನ್ನು ಭಾನುವಾರ ಚರ್ಚಿನ ಪೂಜೆ ಮುಗಿಸಿ ಬಂದು ವರಾಂಡದಲ್ಲಿ ಮೂರು ತಟ್ಟೆಗೆ ಬಿತ್ತಿದೆ. ಅದೇ ಮಧ್ಯಾಹ್ನ ಬೀಗಿತ್ತಿಯವರು, ಅಂದರೆ ಸೊಸೆಯ ತಾಯಿ, ಹಬ್ಬಕ್ಕೆಂದು ಕೆ.ಆರ್. ಪುರದಿಂದ ಎರಡು ಬ್ಯಾಗು ಹಿಡಿದು ಮೆಟ್ರೋದಲ್ಲಿ ಬಂದಿಳಿದರು. ಬಂದವರೇ ನನ್ನ ತಟ್ಟೆಗಳ ಮುಂದೆ ನಿಂತು ಬಗ್ಗಿ ನೋಡಿದರು. ಏನೂ ಹೇಳಲಿಲ್ಲ. ಆ ಹೆಂಗಸು ಏನೂ ಹೇಳದೆ ನಿಂತದ್ದನ್ನು ಹನ್ನೊಂದು ವರ್ಷದ ಬೀಗತನದಲ್ಲಿ ನಾನು ನೋಡಿರಲಿಲ್ಲ. ಅನುಮಾನ ಹುಟ್ಟಿದ್ದು ಅಲ್ಲಿ.

ಸೋಮವಾರ ಗೇಟಿನ ಕೀಲಿಗೆ ಎಣ್ಣೆ ಬಿಟ್ಟೆ, ವರಾಂಡದ ಗೋಡೆಗೆ ಸುಣ್ಣ ಹೊಡೆದೆ. ಮಂಗಳವಾರ ಬಾಗಿಲ ಮೇಲಿನ ನಕ್ಷತ್ರಕ್ಕೆ ಹೊಸ ವೈರು ಎಳೆದೆ. ಈ ಕೆಲಸಗಳ ವಿಶೇಷವೆಂದರೆ ಎಲ್ಲವನ್ನೂ ತಟ್ಟೆಗಳು ಕಾಣುವ ಜಾಗದಿಂದಲೇ ಮಾಡಬಹುದಿತ್ತು. ಒಳಗೆ ನನ್ನ ಹೆಂಡತಿ ಮತ್ತು ಬೀಗಿತ್ತಿಯವರು ಕೂತು ಫೋರ್ಕಿನ ಬೆನ್ನ ಮೇಲೆ ಹಿಟ್ಟು ಒತ್ತಿ, ಹಬ್ಬದ ಸಿಹಿ ಕಲ್ಕಲ್ ಸುರುಳಿ ಸುತ್ತುತ್ತಿದ್ದರು. ನಾನು ಬಾಗಿಲಿಗೆ ಬಂದರೆ ಮಾತು ನಿಲ್ಲುತ್ತಿತ್ತು.

‘ಏನೋ ಮಾತಾಡ್ತಿದ್ರಿ’ ಎಂದೆ.

‘ಹಿಟ್ಟು ಗಟ್ಟಿ ಆಯ್ತು ಅಂತಿದ್ವಿ’ ಎಂದಳು ಹೆಂಡತಿ.

ಹಿಟ್ಟು ಗಟ್ಟಿಯಾದ ವಿಷಯವನ್ನು ಯಾರೂ ಅಷ್ಟು ಮೆಲ್ಲಗೆ ಮಾತಾಡುವುದಿಲ್ಲ.

ಮಂಗಳವಾರವೂ ಮೊಳಕೆ ಕಾಣಲಿಲ್ಲ. ಬುಧವಾರ ಬೆಳಿಗ್ಗೆ ನೋಡಿದರೆ, ನಾನು ನೀರು ಹಾಕುವ ಮೊದಲೇ ಮಣ್ಣು ಒದ್ದೆಯಾಗಿದೆ. ನಾನು ಹಲಗೆ ಎಳೆದು ಸಮ ಮಾಡಿದ್ದ ಮೇಲ್ಮೈಯಲ್ಲಿ ಬೆರಳಿನ ಗುರುತು. ನೀರು ಹೆಚ್ಚು ಕುಡಿಸಿ ಬೀಜ ಕೊಳೆಸುವ ಉಪಾಯವೆಂದು ತೀರ್ಮಾನಿಸಿದೆ. ಉದ್ದೇಶವೂ ಸ್ಪಷ್ಟವಿತ್ತು: ಕೆ.ಆರ್. ಪುರದ ಅವರ ಮನೆಯಲ್ಲಿ ಮೂರು ವರ್ಷದಿಂದ ಫೈಬರ್ ಗೋದಲಿಯೇ. ಕೂಡಲೇ ತಟ್ಟೆಗಳ ಸುತ್ತ ಕುರ್ಚಿಯ ಕಾಲಿನಿಂದ ಕುರ್ಚಿಯ ಕಾಲಿಗೆ ಬಿಳಿ ದಾರ ಎಳೆದು, ಪೇಪರ್ ಓದುವವನಂತೆ ಒಳಗೆ ಕೂತೆ. ಹತ್ತು ಗಂಟೆಗೆ ಬಂದು ನೋಡಿದರೆ ದಾರ ಹರಿದಿತ್ತು.

ಎಂಟು ವರ್ಷದ ಮೊಮ್ಮಗಳನ್ನು ಕರೆದು, ‘ಇಲ್ಲಿಗೆ ಯಾರು ಬಂದಿದ್ರು ಮರಿ?’ ಎಂದು ಕೇಳಿದೆ.

‘ತಾತ, ಪುರಂ ಅಜ್ಜಿ ಹೇಳ್ಬೇಡ ಅಂದಿದ್ದಾರೆ.’

‘ಏನು ಹೇಳ್ಬೇಡ ಅಂದಿದ್ದಾರೆ?’

‘ಅದನ್ನೇ ಹೇಳ್ಬೇಡ ಅಂದಿದ್ದಾರೆ’ ಎಂದು ಎರಡು ಕಲ್ಕಲ್ ಬಾಯಿಗೆ ಹಾಕಿಕೊಂಡು ಹೋದಳು. ಸಾಕ್ಷಿಗೆ ಲಂಚ ಸಂದಾಯವಾಗಿತ್ತು.

ಇನ್ನು ತಡಮಾಡಲಿಲ್ಲ. ಮಣ್ಣಿನ ಮೇಲಿನಿಂದ ಒಂದು ಚಿಟಿಕೆ ರಾಗಿಯನ್ನು ಪುರಾವೆಗೆಂದು ಕಾಗದದಲ್ಲಿ ಕಟ್ಟಿಟ್ಟುಕೊಂಡು, ಮೂರೂ ತಟ್ಟೆಗಳನ್ನು ಮೆಟ್ಟಿಲ ಕೆಳಗಿನ ಸಾಮಾನಿನ ಕೋಣೆಗೆ ಸಾಗಿಸಿ ಬೀಗ ಹಾಕಿ, ಬೀಗದಕೈಯನ್ನು ಬನಿಯನ್ನಿಗೆ ಪಿನ್ ಹಾಕಿ ಸಿಕ್ಕಿಸಿಕೊಂಡೆ. ದಿನಕ್ಕೆರಡು ಸಲ ಒಳಗೆ ಹೋಗಿ, ಬಾಗಿಲು ಮುಂದೆ ಮಾಡಿಕೊಂಡೇ, ಕತ್ತಲಲ್ಲೇ ಅಂದಾಜಿನ ಮೇಲೆ ನೀರು ಚಿಮುಕಿಸಿ ಬರುತ್ತಿದ್ದೆ. ಅಲ್ಲಿನ ಬಲ್ಬು ಸುಟ್ಟು ತಿಂಗಳಾಗಿತ್ತು. ಅದನ್ನು ಬದಲಾಯಿಸುವುದು ಆ ವಾರದ ಕೆಲಸಗಳ ಪಟ್ಟಿಯಲ್ಲಿ ಇರಲಿಲ್ಲ.

ಬೀಗಿತ್ತಿಯವರು ಗುರುವಾರ, ‘ಬೀಗರೇ, ತಟ್ಟೆ ಎಲ್ಲಿ?’ ಎಂದರು.

‘ಭದ್ರವಾಗಿವೆ.’

‘ಬಿಸಿಲಿಗೆ ಇಟ್ಟಿದ್ದೀರಾ?’

‘ಇಡಬೇಕಾದಲ್ಲಿ ಇಟ್ಟಿದ್ದೀನಿ.’

ಅವರು ನನ್ನ ಹೆಂಡತಿಯ ಮುಖ ನೋಡಿದರು. ಹೆಂಡತಿ ಒಲೆಯ ಕಡೆ ನೋಡಿದಳು. ಇಬ್ಬರೂ ಸೇರಿದ್ದಾರೆಂದು ಆಗ ಖಚಿತವಾಯಿತು.

ಶನಿವಾರ ಬೆಳಿಗ್ಗೆ ಪುರಾವೆಯ ಪೊಟ್ಟಣ ಹಿಡಿದು ರಸೆಲ್ ಮಾರುಕಟ್ಟೆಗೆ ಹೋದೆ. ಅದರ ಹಿಂದಿನ ಬೀದಿಯಲ್ಲಿ ಕಾಳು, ಬೀಜ ಮಾರುವ ಒಬ್ಬ ಹಳೆಯ ಭಾಯ್ ಇದ್ದಾರೆ; ನನಗಿಂತ ಎರಡು ವರ್ಷ ದೊಡ್ಡವರು, ಆ ಕಾರಣಕ್ಕೆ ನನ್ನನ್ನು ಹುಡುಗನಂತೆ ನೋಡುತ್ತಾರೆ. ಪೊಟ್ಟಣ ಬಿಚ್ಚಿದೆ.

‘ಏನ್ ಸಾರ್, ರಕ್ತ ಪರೀಕ್ಷೆಗೆ ತಂದಂಗೆ ತಂದಿದ್ದೀರಾ.’

‘ಇದಕ್ಕೆ ಯಾರೋ ಏನೋ ಮಾಡಿದ್ದಾರೆ ಭಾಯ್. ಆರು ದಿನ ಆಯ್ತು, ಮೊಳಕೆ ಇಲ್ಲ.’

ಅವರು ಮಣ್ಣು ಊದಿ, ನಾಲ್ಕು ಕಾಳು ಹಲ್ಲಿನ ನಡುವೆ ಇಟ್ಟು ಕಡಿದರು. ಆಮೇಲೆ ಮೂಸಿದರು. ಆಮೇಲೆ ನನ್ನ ಮುಖ ನೋಡಿದರು.

‘ಹುರ್ದಿರೋ ಮಾಲು ಸಾರ್ ಇದು. ಜಿಂದಗೀಲಿ ಮೊಳಕೆ ಬರಲ್ಲ. ಹುರಿಹಿಟ್ಟು ಮಾಡ್ಕೊಂಡು ತಿನ್ನಿ.’

ಬಸ್ಸಿನಲ್ಲಿ ಬರುವಾಗ ಇಡೀ ಸಂಚು ಕಣ್ಣ ಮುಂದೆ ನಿಂತಿತು. ಒಳ್ಳೆಯ ರಾಗಿ ತೆಗೆದು ಹುರಿದದ್ದು ಸುರಿದಿದ್ದಾರೆ. ಊಟಕ್ಕೆ ಎಲ್ಲರೂ ಕೂತಾಗ, ಮಗನೂ ಸೊಸೆಯೂ ಇರುವಾಗ, ಪೊಟ್ಟಣವನ್ನು ಸಾರಿನ ಪಾತ್ರೆಯ ಪಕ್ಕ ಇಟ್ಟೆ. ‘ಹುರಿದ ರಾಗಿ ನನ್ನ ತಟ್ಟೆಗೆ ಹೇಗೆ ಬಂತು ಅಂತ ಈ ಮನೆಯಲ್ಲಿ ಯಾರಾದ್ರೂ ಹೇಳ್ತೀರಾ?’

ಹೆಂಡತಿ ಮಜ್ಜಿಗೆ ಬಡಿಸುವುದನ್ನು ನಿಲ್ಲಿಸಲಿಲ್ಲ. ‘ರೀ, ರಾಗಿ ಯಾವ ಡಬ್ಬದಿಂದ ತಗೊಂಡ್ರಿ?’

‘ನೀಲಿ ಮುಚ್ಚಳದ್ದು.’

‘ಅದು ಮಗೂಗೆ ಹುರಿಹಿಟ್ಟಿಗೆ ಅಂತ ನಾನು ಹುರಿದಿಟ್ಟಿದ್ದು. ಹಸೀದು ಹಸಿರು ಮುಚ್ಚಳದ ಡಬ್ಬದಲ್ಲಿರುತ್ತೆ. ಮೂವತ್ತು ವರ್ಷದಿಂದ.’

ಮೂಗು ಕಟ್ಟಿದ್ದವನಿಗೆ ನೆನೆಸಿದ ರಾಗಿಯ ವಾಸನೆ ಗೊತ್ತಾಗುವುದಿಲ್ಲ. ಮುಚ್ಚಳದ ಬಣ್ಣಕ್ಕೆ ಅಂಥ ನೆಪ ಸಿಗಲಿಲ್ಲ.

‘ಹಾಗಾದ್ರೆ ಮಣ್ಣಲ್ಲಿ ಬೆರಳು ಯಾರದು?’ ಎಂದು ಉಳಿದ ಕೋಟೆಯನ್ನು ಹಿಡಿದುಕೊಂಡೆ.

‘ನಂದೇ ಬೀಗರೇ’ ಎಂದರು ಬೀಗಿತ್ತಿಯವರು. ‘ಬಂದ ದಿನಾನೇ ಮಣ್ಣಿಂದ ಹುರಿದ ವಾಸ್ನೆ ಬಂತು. ಬಾಯಿಗೆ ಹಾಕಿ ನೋಡಿದೆ. ಅವತ್ತೇ ಹಸಿ ರಾಗಿ ನೆನೆಸಿ, ಬಟ್ಟೇಲಿ ಕಟ್ಟಿ ಮೊಳಕೆ ಬರ್ಸಿ, ಮಂಗಳವಾರ ರಾತ್ರಿ ನಿಮ್ ರಾಗಿ ಕೆಳಗಡೆ ಬಿತ್ತಿದೆ. ನೀರು ಹಾಕೋಕೆ ಬಂದಾಗ ನಿಮ್ ದಾರ ಕಾಲಿಗೆ ಸಿಕ್ಕಿ ಬೀಳ್ತಿದ್ದೆ.’

‘ನನಗೆ ಹೇಳಬಹುದಿತ್ತಲ್ಲ.’

‘ಹೇಳಿದ್ರೆ ಒಪ್ತಿದ್ರಾ? ನಮ್ ಮನೆ ಫೈಬರ್ ಗೋದಲಿಗೆ ಮೂರು ವರ್ಷದಿಂದ ಮುಖ ಗಂಟು ಹಾಕ್ಕೊಂಡಿರೋರು ನೀವು.’

ಸೊಸೆ ತಟ್ಟೆ ನೋಡುತ್ತ ಕೂತಳು. ಅವಳ ಭುಜ ಅಲುಗುತ್ತಿತ್ತು.

ಎಲ್ಲರೂ ಎದ್ದು ಮೆಟ್ಟಿಲ ಕೆಳಗಿನ ಕೋಣೆಗೆ ಬಂದರು. ನಾನು ಅಂಗಿಯ ಗುಂಡಿ ಬಿಚ್ಚಿ, ಬನಿಯನ್ನಿನ ಪಿನ್ನು ಬಿಚ್ಚಿ, ಬೀಗ ತೆಗೆದೆ. ಮೂರು ತಟ್ಟೆಯ ತುಂಬ ಪೈರು ನಿಂತಿತ್ತು. ದಟ್ಟವಾಗಿ, ಅರ್ಧ ಬೆರಳೆತ್ತರ. ಬಣ್ಣ ಮಾತ್ರ ಕಾಮಾಲೆ ಆದವರ ಕಣ್ಣಿನದು. ಬೆಳಕು ಕಾಣದ ಪೈರು ಹಸಿರಾಗುವುದಿಲ್ಲವೆಂಬುದು ಶಾಲೆಯ ಪಾಠ. ಅದನ್ನು ನಾನೇ ಮೊಮ್ಮಗಳಿಗೆ ಓದಿಸಿದ್ದೆ.

‘ಹುಲ್ಲು ಬಂದಿದೆ’ ಎಂದೆ.

‘ಬಂದಿದೆ’ ಎಂದ ಮಗ. ‘ಮಾತು ಮಾತೇ, ಫೈಬರ್‌ದು ತರಲ್ಲ. ಆದ್ರೆ ಬಿತ್ತಿದವರು ಕಟ್ಲಿ ಅಪ್ಪ. ನೀವು ಬಿತ್ತಿದ್ದು ಇನ್ನೂ ಮಣ್ಣಲ್ಲೇ ಇದೆ.’

ನಾನು ಹೆಂಡತಿಯ ಕಡೆ ನೋಡಿದೆ. ಅವಳು ಮೇಲ್ಮನವಿ ಸ್ವೀಕರಿಸುವ ಮುಖದಲ್ಲಿರಲಿಲ್ಲ. ಮೊಮ್ಮಗಳು ಆಗಲೇ ಒಂದು ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಬಿಸಿಲಿಗೆ ಹೊರಟಿದ್ದಳು.

‘ನಂಗೆ ಬೆಟ್ಟ ಗಿಟ್ಟ ಬರಲ್ಲಪ್ಪ’ ಎಂದರು ಬೀಗಿತ್ತಿಯವರು. ಇನ್ನೊಂದು ತಟ್ಟೆ ಎತ್ತಿಕೊಂಡು, ‘ಬೀಗರು ಕಾಗದ ಹಿಡ್ಕೊಂಡ್ರೆ ನೋಡ್ತೀನಿ. ಹೊಳೆ ಮಾತ್ರ ಬೇಡ’ ಎಂದರು.

ಹಬ್ಬಕ್ಕೆ ಇನ್ನೂ ನಾಲ್ಕು ದಿನವಿತ್ತು. ಪೈರಿನ ತುದಿ ಹಸಿರಾಯಿತು, ಬುಡ ಹಳದಿಯಾಗಿಯೇ ಉಳಿಯಿತು. ನಾನು ಕಾಗದ ಹಿಡಿದುಕೊಂಡೆ. ಗೋದಲಿಯನ್ನು ಬೀಗಿತ್ತಿಯವರು ಕಟ್ಟಿದರು.