ಗಾಲಿಯ ಬಿಲ್ಲು ಎಳೆದ ಅಜ್ಜ

ಐಹೊಳೆಯಲ್ಲಿ ನಮ್ಮ ಬಾಜೂ ಮನೆಯಲ್ಲಿದ್ದ ಅಜ್ಜನನ್ನು ನೆನೆದರೆ ನನಗೆ ಈಗಲೂ ಹಿಗ್ಗೇ ಹಿಗ್ಗು. ಬೇಟೆಗೆ ಹೋಗುವವರು ಹೊಸ ಬಿಲ್ಲನ್ನು ಮೊದಲು ಅವನಿಂದಲೇ ಎಳೆಸಿ ನೋಡುತ್ತಿದ್ದರು. "ಬಿಲ್ಲ ಹೆಂಗೈತಿ ಅಂತ ಕಣ್ಣ ಕೇಳಬ್ಯಾಡ್ರಿ, ಕೈ ಕೇಳ್ರಿ" ಎನ್ನುತ್ತಿದ್ದ. ತೋಳು ಸೋತ ಮೇಲೆ ಕೇಳುವವರೇ ಬರಲಿಲ್ಲ. ಅಜ್ಜ ಮಂಕಾದ.

ಎಂಬತ್ತರ ದಶಕದಲ್ಲಿ ದುಬೈಯಿಂದ ಬಂದ ನನ್ನ ಭಾವ ಎರಡೂ ತುದಿಗೆ ಗಾಲಿಯಿದ್ದ ಬಿಲ್ಲೊಂದನ್ನು ತಂದ. ಶೇಂಗಾ ಹೊಲಕ್ಕೆ ನುಗ್ಗುವ ಹಂದಿಗೆ ಇದರ ಬಾಣದ ವೇಗ ಸಾಕೇ ಎಂದು ಅಜ್ಜನನ್ನೇ ಕೇಳಿದ. ಅಜ್ಜ ಬಾಣ ಹೂಡಿ ಹೆದರುತ್ತಲೇ ಎಳೆದ. ಅರ್ಧಕ್ಕೇ ಭಾರ ತಡೆಯಲಾರದೆ ಹಲ್ಲು ಕಚ್ಚಿ ಜಗ್ಗಿದ. ಅಷ್ಟರಲ್ಲಿ ಗಾಲಿ ತಿರುಗಿ ಭಾರವೆಲ್ಲ ಇಳಿದೇಹೋಯಿತು! ಹೆದೆಯನ್ನು ಕಿವಿಯವರೆಗೆ ಎಳೆದು ನಿಂತುಬಿಟ್ಟ.

"ಏ ಮುದುಕಿ, ಲಗೂನ ಹೊರಗ ಬಾ! ನನಗ ಹರೇ ತಿರುಗಿ ಬಂದೈತಿ!"

"ಹಂಚಿನ ಮ್ಯಾಲ ರೊಟ್ಟಿ ಐತಿ, ಹರೇ ಹಂಗ ಹಿಡ್ಕೊಂಡ ನಿಂದರ್ರಿ!" ಎಂದಳು ಅಜ್ಜಿ ಒಳಗಿನಿಂದ.

"ಕಾಕಾ, ಬಾಣ ಬಿಡ್ರಿ, ವೇಗ ನೋಡೂಣು" ಎಂದು ಭಾವ ಬೇಡಿಕೊಂಡ.

"ಸುಮ್ನಿರ ಲೇ! ಬಿಟ್ರ ಹರೇನೂ ಹೋಗಿಬಿಡ್ತೈತಿ. ಮೊದ್ಲ ಆಕಿ ನೋಡ್ಲಿ."

ಅಜ್ಜಿ ಇನ್ನೆರಡು ರೊಟ್ಟಿ ಬೇಯಿಸಿ, ಕೈ ಒರೆಸಿಕೊಂಡು ಬಂದಳು. ಗಂಡನನ್ನು ಮೇಲಿಂದ ಕೆಳಗೆ ನೋಡಿದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಾಚಿದಳು ನೋಡಿ, ಆಗ ಅಜ್ಜ ಬಿಟ್ಟ ಬಾಣ ಎತ್ತ ಹೋಯಿತೋ, ಇವತ್ತಿಗೂ ಸಿಕ್ಕಿಲ್ಲ!