ಬೇಲಿಯಾಚೆ ಉಳಿದ ಓಟು

ರಂಜಿತಾಗೆ ಲೆಕ್ಕಾಚಾರ ಅಂದರೆ ನೀರು ಕುಡಿದಷ್ಟು ಸಲೀಸು. ಆ ಲೆಕ್ಕಾಚಾರವೇ ಒಂದು ದಿನ ಅವಳನ್ನು ಕೈಕಟ್ಟಿ ಕೂರಿಸಿತು, ಅವಳವ್ವ ಗಂಗಕ್ಕನ ಆಸೆಯನ್ನೂ ಮಣ್ಣುಪಾಲು ಮಾಡಿತು. ತಪ್ಪು ಯಾರದು ಅಂತ ಹಟ್ಟಿಯ ಜನ ಇವತ್ತಿಗೂ ಏನೇನೋ ಆಡಿಕೊಳ್ಳುತ್ತಾರೆ. ಆಡಿಕೊಳ್ಳುವವರ ಬಾಯಿಗೆ ಬೀಗ ಹಾಕೋರು ಯಾರು!

ತುರುವನೂರಿನ ಕಡೆ ಮುಳ್ಳುಬೇಲಿ ಸುತ್ತಿದ ಒಂದು ಸಣ್ಣ ಗೊಲ್ಲರಹಟ್ಟಿ ಅವರದು. ಅಪ್ಪ ಗೊಲ್ಲಪ್ಪ ಕುರಿ ಸಾಕಿದವನು. ಮಗಳಿಗೆ ಮೈಸೂರಿನ ಕಾಲೇಜಿನಲ್ಲಿ ಎಂಬಿಎ ಸೀಟು ಸಿಕ್ಕಿದಾಗ, "ಬಿಸಿನೆಸ್ ಕಲಿಯಾಕೆ ಮೈಸೂರಿಗ್ಯಾಕೆ ಹೋಗ್ಬೇಕವ್ವ? ನನ್ ಜತೆ ಕುರಿ ಸಂತೆಗೆ ಬಂದಿದ್ರೆ ಪುಕ್ಕಟೆ ಕಲಿಸ್ತಿದ್ದೆ" ಅಂತ ಹಾಸ್ಯ ಮಾಡಿದ್ದ. ಹಾಸ್ಯ ಮಾಡುತ್ತಲೇ ಟವಲಿನಲ್ಲಿ ಕಣ್ಣೊರೆಸಿಕೊಂಡಿದ್ದ. ಆ ಹಟ್ಟಿಯಿಂದ ಅಷ್ಟು ದೂರ ಓದಲು ಹೋದ ಹೆಣ್ಣುಮಗಳು ಅವಳೇ ಮೊದಲು.

ಮೊದಲನೆಯವಳಾಗಬೇಕಿದ್ದವಳು ಅಕ್ಕ ಚಿತ್ತಮ್ಮ. ಓದಿನಲ್ಲಿ ತಂಗಿಗಿಂತ ಒಂದು ಕೈ ಮೇಲು. ಆದರೆ ಆ ಹಟ್ಟಿಯಲ್ಲಿ ಹೆಂಗಸರು ಮುಟ್ಟಾದರೆ ಬೇಲಿಯೊಳಗೆ ಇರುವಂತಿಲ್ಲ. ಹೊರಗೆ ಜಾಲಿಮರದ ಪಕ್ಕ ಒಂದು ಗುಡ್ಲು ಇದೆ. ಬಾಗಿಲಿಲ್ಲ, ದೀಪವಿಲ್ಲ. ಸೂತಕ ಕಳೆಯುವವರೆಗೆ ಅಲ್ಲೇ ಊಟ, ಅಲ್ಲೇ ನಿದ್ದೆ. ಚಿತ್ತಮ್ಮ ಪಿಯುಸಿ ಓದುವಾಗ ಒಂದು ಮಳೆಗಾಲದಲ್ಲಿ ಆ ಗುಡ್ಲಿಗೆ ಹೋದವಳು ಎದ್ದು ಬರಲೇ ಇಲ್ಲ. ಹಾವು ಕಚ್ಚಿತ್ತು. ದೇವರು ಕರೆಸಿಕೊಂಡ ಅಂದರು ಹಿರಿಯರು. ದೇವರಿಗೇನು, ಹೇಳಿದವರ ಮಾತಿಗೆಲ್ಲ ತಲೆ ಕೊಡಬೇಕು ಪಾಪ.

ಗಂಗಕ್ಕ ಅಂದಿನಿಂದ ಹೆಚ್ಚು ಮಾತಾಡಿದವಳಲ್ಲ. ಅಂಥವಳು ಗ್ರಾಮ ಪಂಚಾಯ್ತಿ ಎಲೆಕ್ಷನ್ ಬಂದಾಗ, ಹಟ್ಟಿಯ ಸೀಟು ಹೆಂಗಸರಿಗೆ ಅಂತಾದಾಗ, ನಿಂತೇ ಬಿಟ್ಟಳು! ಗೊಲ್ಲಪ್ಪನಿಗೂ ಮೊದಲು ಹೇಳಲಿಲ್ಲ. ಮಗಳಿಗೆ ಫೋನು ಮಾಡಿ, "ಗೆದ್ರೆ ಆ ಗುಡ್ಲು ಕಿತ್ತಾಕ್ತೀನಿ ಕಣೇ ರಂಜೀ. ಅದೊಂದೇ ಕೆಲಸ ನಂದು" ಅಂದಳು.

ರಂಜಿತಾ ಕಲಿತ ವಿದ್ಯೆಯೆಲ್ಲ ಅಲ್ಲಿ ಕೆಲಸಕ್ಕೆ ಬಂತು. "ಕಿತ್ತಾಕ್ತೀನಿ ಅಂದ್ರೆ ಒಂದು ಓಟೂ ಬೀಳಲ್ಲವ್ವ. ಗುಡ್ಲಿಗೆ ಬಾಗಿಲು ಹಾಕಿಸ್ತೀನಿ, ಕರೆಂಟು ಹಾಕಿಸ್ತೀನಿ ಅನ್ನು. ಹೆಂಗಸ್ರು ಒಪ್ತಾರೆ, ಗಂಡಸ್ರಿಗೂ ಸಿಟ್ಟು ಬರಲ್ಲ" ಅಂತ ಫೋನಿನಲ್ಲೇ ಪಾಠ ಹೇಳಿದಳು. ಗಂಗಕ್ಕ, "ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತಾರೆ. ನಿಂಗೆ ಎರಡೂ ಐತೆ. ಆಗ್ಲಿ" ಅಂದಳು. ಎಲೆಕ್ಷನ್ ಗುರುತಿಗೆ ಬ್ಯಾಟರಿ ಟಾರ್ಚು ಕೇಳಿದ್ದಳು, ಕತ್ತಲಿಗೆ ಬೆಳಕು ಅಂತ. ಸಿಕ್ಕಿದ್ದು ಹೊಲಿಗೆ ಮಷೀನು. ಅದನ್ನೇ ಹಿಡಿದು ಮನೆಮನೆ ತಿರುಗಿದಳು. ಎದುರಿಗೆ ನಿಂತವಳು ಕಾಳಕ್ಕ, ಹಟ್ಟಿಯ ಹಿರಿಯ ಯಜಮಾನರ ಸೊಸೆ.

ಅದೇ ದಿನಗಳಲ್ಲಿ ಮೈಸೂರಿನ ಕ್ಲಾಸಿನಲ್ಲಿ ಮೇಷ್ಟರೊಬ್ಬರು ಓಟಿನ ಮಾತು ತೆಗೆದರು. ಒಬ್ಬರ ಓಟಿನಿಂದ ಫಲಿತಾಂಶ ಬದಲಾಗುವ ಸಾಧ್ಯತೆ ಸೊನ್ನೆಗೆ ಸಮ, ಬಸ್ ಚಾರ್ಜು ಹಾಕಿ ನೋಡಿದರೆ ಓಟು ಹಾಕುವುದೇ ನಷ್ಟದ ಬಾಬತ್ತು ಅಂದರು. ಕ್ಲಾಸೆಲ್ಲ ನಕ್ಕಿತು. ರಂಜಿತಾಳೂ ನಕ್ಕಳು. ನೀವು ನಮ್ಮ ಕಡೆ ಪಂಚಾಯ್ತಿ ಎಲೆಕ್ಷನ್ ನೋಡಿಲ್ಲ ಸರ್ ಅನ್ನಬೇಕು ಅಂತ ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡಳು. ಅವಳಿಗೆ ಅದು ಜೀವನದ ಮೊದಲ ಓಟು. ಅದೂ ಹೆತ್ತವ್ವನಿಗೆ. ಬೆರಳಿನ ಶಾಯಿ ತೋರಿಸಿ ಅವ್ವನ ಜೊತೆ ಫೋಟೋ ತೆಗೆಸಿಕೊಳ್ಳಬೇಕು, ಯಾವ ಸೀರೆ ಉಡಬೇಕು ಅಂತೆಲ್ಲ ಹಾಸ್ಟೆಲ್ಲಿನಲ್ಲಿ ಯೋಚಿಸಿದ್ದೇ ಯೋಚಿಸಿದ್ದು.

ಓಟಿನ ದಿನ ಬೆಳಗ್ಗೆ ದುರ್ಗದಲ್ಲಿ ಬಸ್ಸು ಬದಲಿಸುವಾಗಲೇ ಹೊಟ್ಟೆ ಹಿಂಡಿತು. ಲೆಕ್ಕಕ್ಕೆ ಇನ್ನೂ ವಾರವಿತ್ತು, ದೇಹ ಯಾರ ಲೆಕ್ಕ ಕೇಳೀತು? ತುರುವನೂರಿನಲ್ಲಿ ಇಳಿದು ಅಂಗಡಿಗೆ ಹೋದಳು. ಅಂಗಡಿಯವನು ಪ್ಯಾಡಿನ ಪೊಟ್ಟಣವನ್ನು ಪೇಪರಿನಲ್ಲಿ ಸುತ್ತುತ್ತಿದ್ದಾಗ ಪಕ್ಕಕ್ಕೆ ನೋಡಿದರೆ, ಕಾಳಕ್ಕನ ನಾದಿನಿ! ಸಕ್ಕರೆ ಕೊಳ್ಳಲು ಬಂದವಳು ಪೊಟ್ಟಣ ನೋಡಿದಳು, ರಂಜಿತಾಳ ಮುಖ ನೋಡಿದಳು, ಸಕ್ಕರೆಯನ್ನೂ ಕೊಳ್ಳದೆ ಹಟ್ಟಿಯ ಕಡೆ ಹೊರಟು ಹೋದಳು.

ಮತಗಟ್ಟೆ ಇದ್ದದ್ದು ಬೇಲಿಯೊಳಗಿನ ಶಾಲೆಯಲ್ಲಿ, ದೇವರ ಗುಡಿಯ ಮಗ್ಗುಲಿಗೆ. ಹೊರಗೆ ಕೂತ ಹೆಂಗಸರು ಓಟಿನ ದಿನ ಹೊರಗೇ ಉಳಿಯುತ್ತಿದ್ದರು. ಸಾಹೇಬರುಗಳು ಬಂದು ಹೋಗುತ್ತಿದ್ದರು, ಯಾಕೆ ಬರಲಿಲ್ಲ ಅಂತ ಯಾರೂ ಕೇಳುತ್ತಿರಲಿಲ್ಲ. ರಂಜಿತಾ ಬೇಲಿಯ ತನಕ ನಡೆದು ಬಂದು ಜಾಲಿಮರದ ಕೆಳಗೆ ನಿಂತುಬಿಟ್ಟಳು. ಬೆನ್ನ ಹಿಂದೆ ಅಕ್ಕನ ಗುಡ್ಲು.

ಸುದ್ದಿ ತಿಳಿದು ಗಂಗಕ್ಕ ಸರಸರ ಬಂದಳು. ಮಷೀನಿನ ಚಿತ್ರದ ಕರಪತ್ರ ಇನ್ನೂ ಕೈಯಲ್ಲಿತ್ತು.

"ಯಾಕೆ ಇಲ್ಲೇ ನಿಂತೆ? ಬಾ ಒಳೀಕೆ."

"ಆಗಲ್ಲವ್ವ. ಹೊರಗಾಗೀನಿ."

"ಗೊತ್ತು. ಬಾ."

ಬದುಕಿಡೀ ಕಟ್ಟಳೆ ಮೀರದ ಹೆಂಗಸು ಹಾಗಂದದ್ದು ಕೇಳಿ ರಂಜಿತಾಗೆ ದಿಗಿಲಾಯಿತು. "ಕಾಳಕ್ಕನ ನಾದಿನಿ ನೋಡ್ಯಾಳೆ. ನಾನು ಒಳಗೆ ಕಾಲಿಟ್ರೆ ಗುಡಿ ಮೈಲಿಗೆ ಮಾಡಿದ್ಲು ಅಂತ ಕೂಗೆಬ್ಬಿಸ್ತಾರೆ. ಇನ್ನೂ ಅರ್ಧ ಜನ ಓಟು ಹಾಕಿಲ್ಲ. ಒಂದು ಓಟಿನ ಆಸೆಗೆ ಇಪ್ಪತ್ತು ಓಟು ಕಳಕೋತೀಯ. ಯೋಚನೆ ಮಾಡವ್ವ."

"ನಾನು ಯೋಚನೆ ಮಾಡೇ ಬಂದೀನಿ" ಅಂದಳು ಗಂಗಕ್ಕ. ಬೇಲಿಯಲ್ಲಿ ಓಡಾಡಲು ಬಿಟ್ಟಿದ್ದ ಗಂಡಿ ದಾಟಿ ಬಂದು ಮಗಳ ಕೈ ಹಿಡಿದಳು. ಮುಟ್ಟಬಾರದ ದಿನ, ಎಲ್ಲರೂ ನೋಡುವಂತೆ ಹಿಡಿದಳು. "ಕೂಗಿಕೊಳ್ಳೋರು ಕೂಗಿಕೊಳ್ಳಲಿ. ನಡಿ, ಹೋಗಾಣ."

ರಂಜಿತಾ ಕೈ ಬಿಡಿಸಿಕೊಂಡಳು. "ಬ್ಯಾಡವ್ವ. ನಿನ್ ಒಳ್ಳೇದಕ್ಕೇ ಹೇಳ್ತಿರೋದು. ಹೋಗು, ಯಾರಾದ್ರೂ ನೋಡ್ತಾರೆ."

ಗಂಗಕ್ಕ ಮಗಳನ್ನೇ ಒಂದು ಗಳಿಗೆ ನೋಡಿದಳು. ಕೈಯಲ್ಲಿದ್ದ ಕರಪತ್ರ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ತಿರುಗಿ ಹೋದಳು. ಮತಗಟ್ಟೆ ಬಾಗಿಲು ಹಾಕುವವರೆಗೂ ರಂಜಿತಾ ಮರದ ಕೆಳಗೇ ಕೂತಿದ್ದು, ಆಮೇಲೆ ದುರ್ಗದ ಗೆಳತಿಯ ರೂಮಿಗೆ ಹೋದಳು. ಸರಿಯಾದದ್ದನ್ನೇ ಮಾಡಿದೆ ಅಂತ ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು.

ಎಣಿಕೆ ನಡೆದದ್ದು ಮೂರನೆಯ ದಿನ, ದುರ್ಗದ ಕಾಲೇಜಿನಲ್ಲಿ. ಗೇಟಿನ ಹೊರಗೆ ಜನವೋ ಜನ, ಗುಲಾಲು, ಹಲಗೆ. ಒಳಗಿನಿಂದ ಗೊಲ್ಲಪ್ಪ ಬಂದ. ಹೆಗಲ ಕಂಬಳಿ ತಲೆಯ ಮೇಲಿತ್ತು. ಮಗಳ ಮುಂದೆ ನಿಂತು, "ಒಂದು" ಅಂದ.

ಒಂದೇ ಒಂದು ಓಟಿನಿಂದ ಕಾಳಕ್ಕ ಗೆದ್ದಿದ್ದಳು. ಅಯ್ಯೋ ಶಿವನೇ, ಹತ್ತರಲ್ಲೋ ಇಪ್ಪತ್ತರಲ್ಲೋ ಸೋತಿದ್ದರೆ ಅಳು ಬಂದು ಹೋಗುತ್ತಿತ್ತು! ರಂಜಿತಾ ಓಟು ಹಾಕಿದ್ದರೆ ಸಮ ಆಗುತ್ತಿತ್ತು, ಚೀಟಿ ಎತ್ತುತ್ತಿದ್ದರು. ಚೀಟಿಯಲ್ಲಿ ಯಾರ ಹೆಸರು ಬರುತ್ತಿತ್ತೋ ಬಲ್ಲವರಿಲ್ಲ. ಅಷ್ಟಾದರೂ ಅದೃಷ್ಟ ಅವ್ವನಿಗೆ ಸಿಗುತ್ತಿತ್ತು. ರಂಜಿತಾ ಗೇಟಿನ ಪಕ್ಕದ ಕಟ್ಟೆಯ ಮೇಲೆ ಕುಸಿದು, ಶಾಯಿಯಿಲ್ಲದ ಬೆರಳನ್ನು ಸೆರಗಿನೊಳಗೆ ಮುಚ್ಚಿಕೊಂಡು, ಸಣ್ಣ ಕೂಸಿನ ಹಾಗೆ ಅತ್ತಳು. ಹಲಗೆಯ ಸದ್ದಿನಲ್ಲಿ ಅದು ಯಾರಿಗೂ ಕೇಳಲಿಲ್ಲ.

ಗೊಲ್ಲಪ್ಪನ ಹಿಂದೆಯೇ ಹೊರಬಂದ ಗಂಗಕ್ಕ ಅಳಲಿಲ್ಲ. ಮಗಳನ್ನು ಎಬ್ಬಿಸಿಕೊಂಡು ಬಸ್ ಸ್ಟ್ಯಾಂಡಿಗೆ ಬಂದಳು. ಮೈಸೂರಿನ ಬಸ್ಸು ನಿಂತಿತ್ತು. ರೊಟ್ಟಿ, ಚಟ್ನಿಪುಡಿಯ ಗಂಟನ್ನು ಕಿಟಕಿಯಿಂದ ಕೊಟ್ಟಳು.

"ನನ್ನಿಂದ ಸೋತೆ ಅವ್ವ. ಬೈಯಿ. ಎರಡು ಏಟಾದ್ರೂ ಹಾಕು."

"ಸೋತಿದ್ದಕ್ಕೆ ನಂಗೆ ಅಷ್ಟು ಸಂಕಟ ಇಲ್ಲ ಕಣವ್ವ" ಅಂದಳು ಗಂಗಕ್ಕ, ಕಿಟಕಿಯ ಸರಳು ಹಿಡಿದು. "ಆವತ್ತು ಮಳೆ ಹಿಡಿದಾಗ ಚಿತ್ತಮ್ಮ ಅದೇ ಗಂಡಿ ತಾವ ಬಂದು ನಿಂತ್ಲು. ಅವ್ವಾ, ಹೆದರಿಕೆ ಆಗ್ತೈತೆ, ಒಳೀಕೆ ಬರ್ಲಾ ಅಂದ್ಲು. ಯಾರಾದ್ರೂ ನೋಡ್ತಾರೆ, ಹೋಗು ಅಂದೆ ನಾನು. ನಿನ್ ಒಳ್ಳೇದಕ್ಕೇ ಹೇಳ್ತಿರೋದು ಅಂದೆ."

ರಂಜಿತಾ ಬಾಯಿಗೆ ಸೆರಗು ಒತ್ತಿಕೊಂಡಳು.

"ಈ ಸಲ ನಾನೇ ಬಂದು ಕೈ ಹಿಡಿದು ಕರೆದೆ. ನೀನು ಬಿಡಿಸಿಕೊಂಡೆ."

ಕಂಡಕ್ಟರ್ ಸೀಟಿ ಊದಿದ. ಗಂಗಕ್ಕ ಸರಳು ಬಿಟ್ಟು ಹಿಂದಕ್ಕೆ ಸರಿದಳು.